ಎಂಜಿನ್ ಬಿಸಿಯಿದ್ದರೆ ಮಾತ್ರ

ಕಗ್ಗದಾಸಪುರ
೮ ಫೆಬ್ರವರಿ ೧೯೯೮

ಶ್ರೀರಾಮಣ್ಣನವರಿಗೆ ಮುನೀಂದ್ರನ ನಮಸ್ಕಾರಗಳು.

ಬರುವ ಗುರುವಾರಕ್ಕೆ ಪ್ರೇಮಣ್ಣ ತೀರಿಕೊಂಡು ಹತ್ತು ವರ್ಷ ತುಂಬುತ್ತದೆ. ಇಷ್ಟು ವರ್ಷ ಅಮ್ಮ ಹೇಳಿದ್ದನ್ನು ಬರೆದು, ಸೇನೆಯಲ್ಲಿ ಅಣ್ಣನ ಜೊತೆಗಿದ್ದ ನಿಮಗೆ ಕಳಿಸುತ್ತಿದ್ದೆ. ನಾನೇ ಬರೆಯುತ್ತಿರುವ ಮೊದಲ ಪತ್ರ ಇದು.

ಡಿಸೆಂಬರಿನಲ್ಲಿ ಅಮ್ಮನ ಒಂದು ಕಣ್ಣಿನ ಪೊರೆ ತೆಗೆಸಿದೆವು. ಈಗ ಎದುರು ಮನೆಯ ತಾರಸಿಯ ಮೇಲೆ ಒಣಗಿಸಿದ ಮೆಣಸಿನಕಾಯಿಯನ್ನೂ ಎಣಿಸುತ್ತಾರೆ. ಕಟ್ಟು ಬಿಚ್ಚಿದ ವಾರದೊಳಗೆ ನನ್ನನ್ನು ಕರೆದು, "ನನ್ ಮಗ ಓಡಿಸ್ತಿದ್ದ ಬಂಡಿ ಹೆಂಗಿತ್ತು ಅಂತ ನಾನು ನೋಡ್ಲೇ ಇಲ್ವಲ್ಲೋ" ಎಂದರು. ಓಡಿಸುತ್ತಿದ್ದವರು ನೀವು, ಅಣ್ಣ ಒಳಗೆ ಕೂತು ತೋಪಿಗೆ ಗುಂಡು ತುಂಬುತ್ತಿದ್ದ ಎಂದು ತಿದ್ದಿದೆ. "ಯಾವ್ದೋ ಒಂದು. ತೋರ್ಸು" ಎಂದರು. ಪುಸ್ತಕದಲ್ಲಿದ್ದ ಚಿತ್ರ ತೋರಿಸಿದೆ. ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಇದು ನಿಂತೈತೆ. ಓಡೋದು ತೋರ್ಸು."

ಅದಕ್ಕೇ ಒಂದು ಸಣ್ಣ ಟ್ಯಾಂಕ್ ಮಾಡುತ್ತಿದ್ದೇನೆ. ಅಸಲಿನ ಹದಿನಾರನೇ ಒಂದು ಪಾಲು. ಅಲ್ಯೂಮಿನಿಯಂ ತಗಡು, ಎರಡು ಸಣ್ಣ ಮೋಟಾರು, ಶಿವಾಜಿನಗರದಲ್ಲಿ ಕೊಂಡ ಹಳೆಯ ರೇಡಿಯೊ ಕಂಟ್ರೋಲು. ನಾನು ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಟೂಲ್‌ರೂಮಿನವನಾದ್ದರಿಂದ ಕಬ್ಬಿಣದ ಕೆಲಸ ಕಷ್ಟವಲ್ಲ. ಪಡಸಾಲೆಯಲ್ಲಿ ಅದು ಈಗಾಗಲೇ ಹಿಂದಕ್ಕೂ ಮುಂದಕ್ಕೂ ಓಡುತ್ತದೆ. ಆದರೆ ಹೊಗೆ ಇಲ್ಲದೆ ಅದು ಆಟಿಕೆ ಕಾರಿನ ಹಾಗೆ ಕಾಣುತ್ತದೆ. ಹೊಗೆ ಬರಿಸಬೇಕೆಂದಿದ್ದೇನೆ. ನಿಮ್ಮ ಟಿ-೫೫ ಟ್ಯಾಂಕಿನಲ್ಲಿ ಹೊಗೆ ಎಲ್ಲಿಂದ ಬರುತ್ತಿತ್ತು, ಯಾವ ಬಣ್ಣ, ಎಷ್ಟು? ಚಿತ್ರದಲ್ಲಿ ಬಲಗಡೆ ಕೊಳವೆಯಂಥದ್ದು ಕಂಡಿತು. ಅಲ್ಲೇ ತೂತು ಕೊರೆದಿದ್ದೇನೆ.

ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ಬೇಸಿಗೆಯಲ್ಲಿ ಬರಬೇಕಂತೆ.

ನಿಮ್ಮ
ಮುನೀಂದ್ರ

&nbsp;

ಅಹಮದ್‌ನಗರ
೧ ಮಾರ್ಚ್ ೧೯೯೮

ತಮ್ಮ ಮುನೀಂದ್ರನಿಗೆ ಶ್ರೀರಾಮಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಅಂಗಡಿಗೇ ಬಂತು. ಬ್ಯಾಟರಿ ಚಾರ್ಜಿಗೆ ಇಟ್ಟು ಕೂತಿದ್ದೆ, ಓದುತ್ತ ಗಿರಾಕಿ ಬಂದದ್ದೂ ಗೊತ್ತಾಗಲಿಲ್ಲ. ಸೇನೆ ಬಿಟ್ಟು ಐದು ವರ್ಷವಾಯಿತು. ಇಂಥ ಪ್ರಶ್ನೆ ಕೇಳಿದವರು ನೀನೊಬ್ಬನೇ. ಇಲ್ಲಿ ನನ್ನ ಮಕ್ಕಳಿಗೆ ಬೇಕಾಗಿರುವುದು ಸೇನೆಯ ಕ್ಯಾಂಟೀನಿನಲ್ಲಿ ಅಗ್ಗಕ್ಕೆ ಸಾಮಾನು ಸಿಗುವ ಕಾರ್ಡು ಮಾತ್ರ.

ಮೊದಲು ಒಂದು ಮಾತು. ನಮ್ಮಲ್ಲಿ ಯಾರೂ ಟ್ಯಾಂಕ್ ಅನ್ನುವುದಿಲ್ಲ. ಗಾಡಿ ಅನ್ನುತ್ತೇವೆ. ಅಮ್ಮ ಬಂಡಿ ಎಂದದ್ದೇ ಸರಿ.

ಎರಡನೆಯದು, ಬಲಗಡೆಯ ತೂತು ಮುಚ್ಚು. ಹೊಗೆ ಬರುವುದು ಎಡಗಡೆ, ಚೈನಿನ ಮೇಲಿನ ತಗಡಿನ ಪಕ್ಕ, ಹಿಂಭಾಗಕ್ಕೆ. ನಾನು ಹದಿನಾಲ್ಕು ವರ್ಷ ಆ ಹೊಗೆ ಕುಡಿದವನು, ನನಗೆ ಚಿತ್ರ ಬೇಕಿಲ್ಲ.

ಮೂರನೆಯದು, ಹೊಗೆ ಎರಡು ಬಗೆ. ಒಂದು ದಿನನಿತ್ಯದ್ದು. ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ನೀಲಿ, ಜೋರಾಗಿ ಒತ್ತಿದರೆ ಕಪ್ಪು. ಇದನ್ನು ಲಾರಿಯೂ ಬಿಡುತ್ತದೆ. ಇನ್ನೊಂದು ಪರದೆ ಹೊಗೆ. ಶತ್ರುವಿನ ಕಣ್ಣಿಗೆ ಬೀಳದ ಹಾಗೆ ಮರೆ ಮಾಡಿಕೊಳ್ಳಲು. ಡ್ರೈವರ್ ಒಂದು ಸ್ವಿಚ್ ಒತ್ತುತ್ತಾನೆ, ಕಾದ ಕೊಳವೆಯೊಳಕ್ಕೆ ಡೀಸೆಲ್ ಚಿಮ್ಮುತ್ತದೆ, ಆವಿಯಾಗಿ ಹೊರಗೆ ಬಂದು ಬೆಳ್ಳಗಾಗುತ್ತದೆ. ಮಜ್ಜಿಗೆಯಲ್ಲ, ಗಟ್ಟಿ ಮೊಸರು. ಆದರೆ ಕೊಳವೆ ಕಾದಿರಬೇಕು, ಎಂಜಿನ್ ಓಡುತ್ತಿರಬೇಕು. ತಣ್ಣಗಿದ್ದಾಗ ಒತ್ತಿದರೆ ಡೀಸೆಲ್ ತೊಟ್ಟಿಕ್ಕುತ್ತದೆ, ಅಷ್ಟೇ. ಎಂಜಿನ್ ನಿಂತರೆ ಹೊಗೆಯೂ ನಿಂತಿತು. ಹೊಸ ಹುಡುಗರಿಗೆ ಪಾಠ ಮಾಡುವಾಗ ಇದನ್ನು ಹತ್ತು ಸಲ ಬಾಯಲ್ಲಿ ಹೇಳಿಸುತ್ತಿದ್ದೆ: ಎಂಜಿನ್ ಬಿಸಿಯಿದ್ದರೆ ಮಾತ್ರ.

ನೀನು ಮಾಡುವುದಾದರೆ ಬಿಳಿಯದನ್ನೇ ಮಾಡು. ಕರಿ ಹೊಗೆ ಅಮ್ಮ ಬಿ.ಟಿ.ಎಸ್. ಬಸ್ಸಿನಲ್ಲಿ ಬೇಕಾದಷ್ಟು ನೋಡಿದ್ದಾರೆ.

ಏನಾಯಿತೆಂದು ಬರೆಯುತ್ತಿರು.

ನಿನ್ನ ಅಣ್ಣ
ಶ್ರೀರಾಮಪ್ಪ

&nbsp;

ಕಗ್ಗದಾಸಪುರ
೧೯ ಏಪ್ರಿಲ್ ೧೯೯೮

ಶ್ರೀರಾಮಣ್ಣನವರಿಗೆ ನಮಸ್ಕಾರಗಳು.

ಬಲಗಡೆಯ ತೂತಿಗೆ ಬೆಸುಗೆ ಹಾಕಿದೆ. ಹೊಗೆ ಬಂತು. ಮೂರು ವಾರ ಹಿಡಿಯಿತು.

ಮೊದಲು ಊದುಬತ್ತಿಯ ತುಂಡು ಇಟ್ಟೆ. ಅಮ್ಮ ಒಳಗಿನಿಂದಲೇ "ಯಾರ ಮನೇಲೋ ಪೂಜೆ" ಎಂದರು. ಆಮೇಲೆ ಗ್ಲಿಸರಿನ್. ಅದು ಅಂಟಾಗಿ ತಂತಿಗೆ ಕಚ್ಚಿಕೊಂಡಿತು. ಶಿವಾಜಿನಗರದ ಅಕ್ತರ್ ಹತ್ತಿರ ಹೋದೆ. ಹಳೆಯ ರೇಡಿಯೊ, ಇಸ್ತ್ರಿಪೆಟ್ಟಿಗೆ ಬಿಚ್ಚಿ ಮಾರುವವನು. ಬೇಗ ಕಾಯುವ ತಂತಿ ಬೇಕು, ಹೊಗೆ ಬರಬೇಕು ಎಂದೆ. ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಅವನು, "ಕ್ಯಾ ಸಾಬ್, ಇಪ್ಪತ್ತು ವರ್ಷದಿಂದ ಎಲ್ಲಾರೂ ಹೊಗೆ ಬರ್ತೈತೆ ನಿಲ್ಸು ಅಂತ ನನ್ ಹತ್ರ ಬರ್ತಾರೆ. ನೀವೊಬ್ರು ಬರ್ಸು ಅಂತೀರಾ!" ಎಂದ. ಇಸ್ತ್ರಿಪೆಟ್ಟಿಗೆಯ ತಂತಿಯನ್ನು ಒಂದು ಗೇಣು ಕತ್ತರಿಸಿ ಕೊಟ್ಟ.

ಅದನ್ನು ಸೀಮೆಎಣ್ಣೆ ಸ್ಟೋವಿನ ಬತ್ತಿಗೆ ಸುತ್ತಿ, ಅಮ್ಮನ ಹಿತ್ತಾಳೆಯ ಕುಂಕುಮದ ಭರಣಿಯಲ್ಲಿ ಕೂರಿಸಿದೆ. ಎಣ್ಣೆಗೆ ಲಿಕ್ವಿಡ್ ಪ್ಯಾರಾಫಿನ್. ಔಷಧಿ ಅಂಗಡಿಯಲ್ಲಿ ಮಲಬದ್ಧತೆಗೆ ಕೊಡುವುದು. ಮೂರನೆಯ ಬಾಟಲಿಗೆ ಹೋದಾಗ ಅಂಗಡಿಯವನು ದನಿ ತಗ್ಗಿಸಿ, "ಸಾರ್, ಇಷ್ಟಕ್ಕೂ ಆಗ್ಲಿಲ್ಲ ಅಂದ್ರೆ ಡಾಕ್ಟ್ರಿಗೆ ತೋರಿಸ್ಬಿಡಿ" ಎಂದ. ಟೇಪ್‌ರೆಕಾರ್ಡರಿನ ಮೋಟಾರಿಗೆ ತಗಡಿನ ರೆಕ್ಕೆ ಕಟ್ಟಿ ಗಾಳಿ ಊದಿಸಿದ್ದೇನೆ. ಗಾಡಿ ಜೋರಾದರೆ ಹೊಗೆಯೂ ಜೋರಾಗುತ್ತದೆ. ತಂತಿ ಕಾಯಲು ನಲವತ್ತು ಸೆಕೆಂಡು ಬೇಕು. ಅದಕ್ಕೆ ಮೊದಲು ಊದಿದರೆ ಬರಿ ಎಣ್ಣೆ ಉಗುಳುತ್ತದೆ, ನೀವು ಹೇಳಿದ ಹಾಗೇ.

ಯುಗಾದಿ ಕಳೆದ ಭಾನುವಾರ ಅಮ್ಮನನ್ನು ಕೂರಿಸಿ ತೋರಿಸಿದೆ. "ಬೀಡಿ ಸೇದ್ತೈತಲ್ಲೋ ಇದು" ಎಂದು ನಕ್ಕರು. ಒಂದು ಸುತ್ತು ಓಡಿಸಿ ಅವರ ಕಾಲ ಹತ್ತಿರ ನಿಲ್ಲಿಸಿದೆ. ನಮ್ಮ ಪಡಸಾಲೆ ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು. ಅಮ್ಮ ದೇವರ ಗೂಡಿನಲ್ಲಿದ್ದ ಬೆಂಕಿಪೊಟ್ಟಣ ತೆಗೆದು, ಬಗ್ಗಿ ಚೈನಿನ ಹಿಂದೆ ಅಡ್ಡ ಇಟ್ಟರು. "ಇದಕ್ಕಾದ್ರೂ ಇಡಾನ" ಎಂದರು.

ನೀವು ೮೯ರಲ್ಲಿ ಅಣ್ಣನ ಟ್ರಂಕು ತಂದುಕೊಟ್ಟಾಗ ಊಟಕ್ಕೆ ಕೂತಲ್ಲೇ ಅಪ್ಪ ಹೇಳಿದ್ದು ನಿಮಗೆ ನೆನಪಿರಬಹುದು. ಹಲಸೂರು ಸಂತೆಗೆ ನಲವತ್ತು ವರ್ಷ ಎತ್ತಿನ ಗಾಡಿ ಹೊಡೆದವರು. ನಮಗಿಬ್ಬರಿಗೂ ಅಕ್ಷರಕ್ಕಿಂತ ಮೊದಲು ಕಲಿಸಿದ್ದು, ಗಾಡಿ ನಿಂತ ತಕ್ಷಣ ಗಾಲಿಗೆ ಕಲ್ಲು ಇಡುವುದನ್ನು. "ಗಾಡಿಗೆ ಅಡ್ಡ ಇಡದೆ ಸತ್ತ ನನ್ ಮಗ" ಎನ್ನುತ್ತಲೇ ೯೧ರಲ್ಲಿ ಅವರೂ ಹೋದರು.

ಇದನ್ನು ಬರೆಯಬೇಕೆಂದಿರಲಿಲ್ಲ. ಫೋಟೊ ಇಟ್ಟಿದ್ದೇನೆ. ಹೊಗೆ ಸರಿಯಿದೆಯೇ ನೋಡಿ ತಿಳಿಸಿ.

ನಿಮ್ಮ
ಮುನೀಂದ್ರ

&nbsp;

ಅಹಮದ್‌ನಗರ
೧೦ ಮೇ ೧೯೯೮

ತಮ್ಮ ಮುನೀಂದ್ರನಿಗೆ,

ಫೋಟೊ ನೋಡಿದೆ. ಗಾಡಿಗೆ ನೂರಕ್ಕೆ ತೊಂಬತ್ತು. ಗೋಪುರದ ಮುಂದಿನ ಬಾಗು ಕೂಡ ಸರಿಯಿದೆ. ಹೊಗೆಗೆ ನೂರಕ್ಕೆ ಹತ್ತು. ಅಮ್ಮ ಬೀಡಿ ಎಂದದ್ದು ನಿಜ. ಇಷ್ಟು ತೆಳ್ಳಗಿನದನ್ನು ನನ್ನ ಕೈಕೆಳಗಿನ ಹುಡುಗ ಬಿಟ್ಟಿದ್ದರೆ ಮೈದಾನ ಸುತ್ತು ಹೊಡೆಸುತ್ತಿದ್ದೆ.

ಬತ್ತಿ ಎರಡು ಮಾಡು. ಗಾಳಿ ಕಡಿಮೆ ಮಾಡು. ಹೊಗೆ ಓಡಿಹೋಗಬಾರದು, ಬಿದ್ದುಕೊಂಡಿರಬೇಕು, ನೆಲದಿಂದ ಮೇಲಕ್ಕೆ ತುಂಬಬೇಕು. ಮರಳಿನಲ್ಲಿ ಸಾಯಂಕಾಲ ಗಾಳಿ ನಮ್ಮ ಕಡೆಗೆ ತಿರುಗಿದರೆ ಡ್ರೈವರಿಗೆ ತನ್ನ ಗಾಡಿಯ ಮೂತಿಯೇ ಕಾಣುವುದಿಲ್ಲ. ಆವತ್ತು ಪ್ರೇಮ ನನ್ನ ಎದುರಿಗೇ ಇದ್ದ, ಹತ್ತು ಹೆಜ್ಜೆ ಕೂಡ ಇಲ್ಲ. ಎದೆಮಟ್ಟ ಹಾಲಿನಲ್ಲಿ ನಿಂತ ಹಾಗೆ. ಆಮೇಲೆ ಎತ್ತಿದ ಕೈ ಮಾತ್ರ. ಆಮೇಲೆ ಅದೂ ಇಲ್ಲ. ಅಂಥ ಹೊಗೆ ಬರಬೇಕು, ಆಗ ಒಪ್ಪುತ್ತೇನೆ.

ಇಲ್ಲಿ ಬಿಸಿಲು ನಲವತ್ತೆರಡು ಡಿಗ್ರಿ. ಈ ಸಲ ಬರುವುದು ಕಷ್ಟ, ಅಂಗಡಿ ನೋಡಿಕೊಳ್ಳಲು ಜನವಿಲ್ಲ. ಅಮ್ಮನ ಇನ್ನೊಂದು ಕಣ್ಣಿನ ಆಪರೇಷನ್ ಯಾವಾಗ?

ಶ್ರೀರಾಮಪ್ಪ

&nbsp;

ಕಗ್ಗದಾಸಪುರ
೭ ಜೂನ್ ೧೯೯೮

ಶ್ರೀರಾಮಣ್ಣನವರಿಗೆ ನಮಸ್ಕಾರಗಳು.

ಬತ್ತಿ ಎರಡು ಮಾಡಿದೆ, ಗಾಳಿ ಇಳಿಸಿದೆ. ಈಗ ಹೊಗೆ ಬಿದ್ದುಕೊಳ್ಳುತ್ತದೆ. ಗಾಡಿ ಅದರೊಳಗೆ ಮುಚ್ಚಿಹೋಗುತ್ತದೆ.

ಒಂದು ವಿಷಯ ಅಳೆದು ನೋಡಿದೆ. ಮೋಟಾರು, ತಂತಿ ಎರಡನ್ನೂ ಒಟ್ಟಿಗೆ ನಿಲ್ಲಿಸಿದರೆ ಹೊಗೆ ಬರುವುದು ಹನ್ನೆರಡು ಸೆಕೆಂಡಿಗೆ ಪೂರ್ತಿ ನಿಲ್ಲುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದ ಹೊಗೆ ಆರು ನಿಮಿಷ ತೇಲುತ್ತದೆ. ಜಗುಲಿಯ ಮೇಲೆ, ಗಾಳಿಯಲ್ಲಿ, ಅರ್ಧ ನಿಮಿಷವೂ ಇಲ್ಲ. ಐದು ಸಲ ಅಳೆದೆ. ನನ್ನದು ಆಟಿಕೆ, ಅಸಲಿನ ಲೆಕ್ಕ ಬೇರೆ ಇರಬಹುದು. ಅಸಲಿ ಗಾಡಿಯ ಎಂಜಿನ್ ನಿಲ್ಲಿಸಿದ ಮೇಲೆ, ಬಯಲಿನಲ್ಲಿ, ಹೊಗೆ ಎಷ್ಟು ಹೊತ್ತು ಇರುತ್ತದೆ? ಅರ್ಧ ಗಂಟೆ ಇರುತ್ತದೆಯೇ?

ಇನ್ನೊಂದು. ನೀವು "ಆವತ್ತು" ಎಂದು ಬರೆದಿದ್ದೀರಿ. ಅದು ಬೇರೆ ಯಾವುದೋ ಅಭ್ಯಾಸದ ದಿನ ಎಂದುಕೊಂಡಿದ್ದೇನೆ. ಹೌದಾದರೆ ಹೌದು ಎಂದು ಒಂದು ಸಾಲು ಬರೆಯಿರಿ, ಸಾಕು.

ಮುನೀಂದ್ರ

&nbsp;

ಅಹಮದ್‌ನಗರ
೨೦ ಸೆಪ್ಟೆಂಬರ್ ೧೯೯೮

ತಾಯಿ ರಾಮಲಕ್ಷ್ಮಮ್ಮನವರ ಪಾದಗಳಿಗೆ ಮಗ ಶ್ರೀರಾಮಪ್ಪ ಮಾಡುವ ನಮಸ್ಕಾರಗಳು.

ಬಹಳ ದಿನವಾಯಿತು ಬರೆದು. ಅಂಗಡಿಯ ಕೆಲಸ, ಮೇಲೆ ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಹೇಳಿದರು. ನೀವು ಕೊಟ್ಟ ಪ್ರೇಮನ ಉಣ್ಣೆ ಸ್ವೆಟರ್ ಈಗಲೂ ಚಳಿಗಾಲದಲ್ಲಿ ಹಾಕುತ್ತೇನೆ. ಮೊಣಕೈ ಹರಿದಿತ್ತು, ನನ್ನ ಹೆಂಡತಿ ಹೊಲಿದಳು.

ಮುನೀಂದ್ರ ಆ ಹೊಗೆಯ ಆಟ ಬಿಡುವುದು ಒಳ್ಳೆಯದು. ಕಾದ ತಂತಿ, ಎಣ್ಣೆ, ಬತ್ತಿ, ಮನೆಯೊಳಗೆ ಅಪಾಯ. ಆಟಿಕೆ ಹೊಗೆಗೂ ಅಸಲಿ ಹೊಗೆಗೂ ಸಂಬಂಧವಿಲ್ಲ ಎಂದು ಅವನಿಗೆ ಹೇಳಿ. ಅದನ್ನು ನೋಡಿ ಇದನ್ನು ಅಳೆಯಬಾರದು. ಹಳೆಯದನ್ನು ನೆನೆಸಿ ನಿಮ್ಮ ಮನಸ್ಸಿಗೂ ನೋವು.

ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಮಗ
ಶ್ರೀರಾಮಪ್ಪ

&nbsp;

ಕಗ್ಗದಾಸಪುರ
೪ ಅಕ್ಟೋಬರ್ ೧೯೯೮

ಶ್ರೀರಾಮಪ್ಪನವರಿಗೆ,

ಅಮ್ಮನಿಗೆ ಓದು ಬರುವುದಿಲ್ಲ. ಅವರಿಗೆ ಬರೆದ ಪತ್ರವನ್ನು ಓದುವವನು ನಾನೇ ಎಂದು ನಿಮಗೆ ಗೊತ್ತು. ಪೂರ್ತಿ ಓದಿ ಹೇಳಿದೆ, ಒಂದು ಪದ ಬಿಡಲಿಲ್ಲ. ಅಮ್ಮ, "ಪಾಪ, ಸಕ್ಕರೆ ಕಾಯ್ಲೆ ಅಂತೆ. ಮೆಂತ್ಯ ನೆನೆಸಿಟ್ಟು ತಿನ್ನು ಅಂತ ಬರಿ" ಎಂದರು. ಬರೆದಿದ್ದೇನೆ.

ಈಗ ನನ್ನ ಮಾತು.

ಅಣ್ಣ ಹೋದಾಗ ಸೇನೆಯಿಂದ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂದಿತ್ತು: ಕರ್ತವ್ಯದ ಮೇಲಿದ್ದಾಗ ಅಪಘಾತ. ಹೇಗೆ ಎಂದು ಹೇಳಿದ್ದು ನಿಮ್ಮ ಪತ್ರ ಮಾತ್ರ. ೧೫ ಫೆಬ್ರವರಿ ೧೯೮೮ರದು. ಹನ್ನೊಂದನೆಯ ದಿನದ ಹಿಂದಿನ ಸಂಜೆ ಬಂತು. ಅಪ್ಪ ಅದನ್ನು ನೆಂಟರ ಮುಂದೆ ನನ್ನ ಕೈಯಲ್ಲಿ ಓದಿಸಿದರು. ಈಗ ಟ್ರಂಕಿನಿಂದ ತೆಗೆದಿದ್ದೇನೆ. ನಿಮ್ಮ ಮಾತು ಹಾಗೇ ಬರೆಯುತ್ತೇನೆ:

"ಎಂಜಿನ್ ನಿಲ್ಲಿಸಿ ಅರ್ಧ ಗಂಟೆಯಾಗಿತ್ತು. ಪ್ರೇಮ ಹಿಂದೆ ಹೋಗಿ ಎಳೆಯುವ ಹಗ್ಗ ಕಟ್ಟುತ್ತಿದ್ದ. ಇಳಿಜಾರು. ಗಾಡಿಗೆ ಅಡ್ಡ ಇಟ್ಟಿರಲಿಲ್ಲ. ಹಿಂದಕ್ಕೆ ಉರುಳಿತು."

ಎಂಜಿನ್ ನಿಂತು ಅರ್ಧ ಗಂಟೆಯಾಗಿದ್ದರೆ ಹೊಗೆ ಎಲ್ಲಿಂದ ಬಂತು? ಅಣ್ಣ ಹಿಂದೆ ಹಗ್ಗ ಕಟ್ಟುತ್ತಿದ್ದರೆ ನಿಮ್ಮ ಎದುರಿಗೆ ಹತ್ತು ಹೆಜ್ಜೆಯಲ್ಲಿ ಕೈ ಎತ್ತಿ ನಿಂತವನು ಯಾರು? ಎಂಜಿನ್ ಬಿಸಿಯಿದ್ದರೆ ಮಾತ್ರ ಎಂದು ನನಗೆ ಕಲಿಸಿದವರು ನೀವು. ನಾನು ಕೇಳುತ್ತಿರುವುದು ಆಟಿಕೆಯ ಹೊಗೆಯನ್ನಲ್ಲ.

ಆ ಪತ್ರ ಏನು ಮಾಡಿತು ಎಂದು ನಿಮಗೆ ಪೂರ್ತಿ ಗೊತ್ತಿಲ್ಲ. ಓದಿ ಮುಗಿಸಿದಾಗ ಅಪ್ಪ, "ಅಡ್ಡ ಇಡಾಕೆ ಬರ್ನಿಲ್ಲ ನನ್ ಮಗನಿಗೆ. ಎತ್ತಿಗಿಂತ ಕಡೆಯಾದ" ಎಂದರು. ಹಂಸ ಅತ್ತಿಗೆ ಬಾಗಿಲ ಹಿಂದಿನಿಂದ ಎದ್ದು ಬಂದು ಎಲ್ಲರೆದುರಿಗೆ ಹೇಳಿದರು: "ಸುಳ್ಳು ಮಾವ. ಕೆರೆ ಏರಿ ಮ್ಯಾಲೆ ಸ್ಕೂಟ್ರು ನಿಲ್ಸಿದ್ರೂ ಕಲ್ಲು ಹುಡುಕ್ಕಂಡು ಬಂದು ಇಡೋರು ಅವ್ರು. ಬೇರೆ ಏನೋ ಆಗೈತೆ." ಅಪ್ಪ, "ಸತ್ತೋನ್ನ ಸಾಕ್ಷಿ ಕರೀತೀಯಾ?" ಎಂದರು. ಮೂರು ದಿನ ಅದೇ ಮಾತು ನಡೆಯಿತು. ನಾಲ್ಕನೆಯ ದಿನ ಅತ್ತಿಗೆ ನಾಲ್ಕು ವರ್ಷದ ಶ್ವೇತಳನ್ನು ಕರೆದುಕೊಂಡು ಹೊರಮಾವಿನ ತವರಿಗೆ ಹೋದರು. ಮತ್ತೆ ಬಂದಿಲ್ಲ. ನೀವು ಬಂದಾಗ "ತಂಗಿ ಬಾಣಂತನ ಮಾಡಾಕೆ ಹೋಗೈತೆ" ಎಂದು ಅಮ್ಮ ಸುಳ್ಳು ಹೇಳಿದ್ದರು.

ನನಗೆ ಉತ್ತರ ಬೇಕು.

ಮುನೀಂದ್ರ

&nbsp;

ಅಹಮದ್‌ನಗರ
೧೭ ಜನವರಿ ೧೯೯೯

ಮುನೀಂದ್ರ ಅವರಿಗೆ,

ನಿಮ್ಮ ಪತ್ರಕ್ಕೆ ಆರು ಸಲ ಉತ್ತರ ಬರೆದು ಹರಿದೆ. ಇದು ಏಳನೆಯದು.

ಆ ಪತ್ರವನ್ನು ಇನ್ನೊಂದು ಸಲ ನೋಡಿ. ಪ್ರೇಮ ಅಡ್ಡ ಇಟ್ಟಿರಲಿಲ್ಲ ಎಂದು ನಾನು ಬರೆದಿಲ್ಲ. ಗಾಡಿಗೆ ಅಡ್ಡ ಇಟ್ಟಿರಲಿಲ್ಲ ಎಂದು ಬರೆದೆ. ಅದು ಸುಳ್ಳಲ್ಲ. ಯಾರೂ ಇಟ್ಟಿರಲಿಲ್ಲ. ಓಡುವ ಗಾಡಿಗೆ ಯಾರು ಅಡ್ಡ ಇಡುತ್ತಾರೆ? ಯಾರು ಎಂದು ಹೇಳದೆ ಆ ಒಂದು ಸಾಲು ಬರೆಯಲು ನನಗೆ ಇಡೀ ದಿನ ಹಿಡಿಯಿತು. ಎಂಜಿನ್ ನಿಂತಿತ್ತು, ಪ್ರೇಮ ಹಗ್ಗ ಕಟ್ಟುತ್ತಿದ್ದ ಎಂಬುದು ಸುಳ್ಳು. ಅದೊಂದೇ ಸುಳ್ಳು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ.

ಅಭ್ಯಾಸ ಮುಗಿದಿತ್ತು. ಮಾರನೆಯ ದಿನ ರೈಲಿಗೆ ಗಾಡಿ ಹತ್ತಿಸಬೇಕಿತ್ತು. ಹೊಸ ಹುಡುಗರು ಏಳೆಂಟು ಜನ ಸುತ್ತ ನಿಂತಿದ್ದರು. ಉಸ್ತಾದ್, ಹೊಗೆ ತೋರಿಸಿ ಎಂದರು. ಅಪ್ಪಣೆ ಇರಲಿಲ್ಲ. ನಾನು ಒತ್ತಿದೆ. ಗಾಡಿಯನ್ನು ಹಿಂದಕ್ಕೆ ತೆಗೆಯುತ್ತ ಹೊಗೆ ಬಿಟ್ಟರೆ ಚೆನ್ನಾಗಿ ಕಾಣುತ್ತದೆ ಎಂದು ರಿವರ್ಸ್ ಹಾಕಿದೆ. ಪ್ರೇಮ ಎದುರಿಗೆ ನಿಂತು ಕೈಸನ್ನೆ ಮಾಡುತ್ತಿದ್ದ. ಡ್ರೈವರಿಗೆ ಹಿಂದೆ ಏನೂ ಕಾಣುವುದಿಲ್ಲ, ಎದುರಿನವನ ಕೈಯೇ ಕಣ್ಣು. ಆ ಕೈ ಕಾಣದಿದ್ದರೆ ನಿಲ್ಲಿಸಬೇಕು. ಇದನ್ನೂ ನಾನು ಹತ್ತು ಸಲ ಹೇಳಿಸುತ್ತಿದ್ದೆ. ಗಾಳಿ ತಿರುಗಿತು. ಕೈ ಎತ್ತಿದ್ದು ಕಂಡಿತು. ನಿಲ್ಲಿಸು ಎಂದೋ ಬಾ ಎಂದೋ ಗೊತ್ತಾಗಲಿಲ್ಲ. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ನಾನು ನಿಲ್ಲಿಸಲಿಲ್ಲ. ಅವನು ಗಾಡಿಯ ಹಿಂದಕ್ಕೆ ಓಡಿ ಚೈನಿಗೆ ಸಿಕ್ಕಿದ. ಯಾಕೆ ಓಡಿದ ಎಂದು ಇವತ್ತಿಗೂ ಗೊತ್ತಿಲ್ಲ.

ವಿಚಾರಣೆಯಲ್ಲಿ ಎಂಜಿನ್ ನಿಂತಿತ್ತು, ಇಳಿಜಾರಿನಲ್ಲಿ ಜಾರಿತು ಎಂದು ಎಲ್ಲರೂ ಹೇಳಿದೆವು. ಹೊಗೆಯ ಮಾತು ಬಂದರೆ ನನ್ನ ಜೊತೆಗೆ ಇನ್ನಿಬ್ಬರ ನೌಕರಿ ಹೋಗುತ್ತಿತ್ತು. ನನಗೆ ಆಗ ಮೂರು ಸಣ್ಣ ಮಕ್ಕಳು. ಇದನ್ನು ಕ್ಷಮೆಗಾಗಿ ಬರೆಯುತ್ತಿಲ್ಲ, ಆದದ್ದು ಎಂದು ಬರೆಯುತ್ತಿದ್ದೇನೆ.

೮೯ರಲ್ಲಿ ಟ್ರಂಕು ತಂದಾಗ ಹೇಳಿಬಿಡಬೇಕೆಂದೇ ಬಂದಿದ್ದೆ. ಊಟಕ್ಕೆ ಕೂತಾಗ ನಿಮ್ಮ ತಂದೆ "ಗಾಡಿಗೆ ಅಡ್ಡ ಇಡದೆ ಸತ್ತ" ಎಂದರು. ಆಗಲೇ ನನಗೆ ತಿಳಿದದ್ದು, ನನ್ನ ಸಾಲನ್ನು ನೀವು ಹೇಗೆ ಓದಿದ್ದೀರಿ ಎಂದು. ಕೈಯಲ್ಲಿ ತುತ್ತಿತ್ತು. ಅದನ್ನು ಬಾಯಿಗಿಟ್ಟುಕೊಂಡೆ. ಅಲ್ಲಿಗೆ ಮುಗಿಯಿತು. ಆಮೇಲೆ ಅಮ್ಮ ನನ್ನನ್ನು ಪ್ರೇಮನ ಮಂಚದಲ್ಲಿ ಮಲಗಿಸಿದರು.

ನಿಮ್ಮ ಅತ್ತಿಗೆ ಮನೆ ಬಿಟ್ಟದ್ದು ನನಗೆ ಗೊತ್ತಿರಲಿಲ್ಲ. ಇದನ್ನು ನಂಬಿ.

ಹೊಗೆಯ ವಿಷಯ ನೀವು ಕೇಳಿದಾಗ ಖುಷಿಯಾಯಿತು. ಅದೇ ನನ್ನನ್ನು ಹಾಳು ಮಾಡಿತು. ಹೊಗೆ ಸರಿಯಾಗಿ ಬರಬೇಕು ಎಂಬುದೊಂದೇ ತಲೆಯಲ್ಲಿತ್ತು. ಏನು ಬರೆಯುತ್ತಿದ್ದೇನೆ ಎಂಬ ಎಚ್ಚರ ತಪ್ಪಿತು.

ಒಂದು ಕೇಳಿಕೊಳ್ಳುತ್ತೇನೆ. ಇದನ್ನು ಓದಿ ಸುಟ್ಟುಬಿಡಿ. ಅಮ್ಮನಿಗೆ ಎಪ್ಪತ್ತಾಗಿದೆ. ಒಬ್ಬ ಮಗನನ್ನು ಕಳೆದುಕೊಂಡು ನನ್ನನ್ನು ಮಗ ಎಂದುಕೊಂಡಿದ್ದಾರೆ. ಇದನ್ನು ಹೇಳಿದರೆ ಇಬ್ಬರನ್ನೂ ಕಳೆದುಕೊಂಡ ಹಾಗೆ. ಅದರಿಂದ ಯಾರಿಗೆ ಏನು ಬಂತು?

ಶ್ರೀರಾಮಪ್ಪ

&nbsp;

ಕಗ್ಗದಾಸಪುರ
೧೦ ಫೆಬ್ರವರಿ ೧೯೯೯

ಶ್ರೀರಾಮಪ್ಪನವರಿಗೆ,

ನಿಮ್ಮ ಪತ್ರ ಜನವರಿ ಕೊನೆಗೆ ಬಂತು. ಸುಟ್ಟಿಲ್ಲ. ಕಾರ್ಖಾನೆಯಲ್ಲಿ ನನ್ನ ಬೀರುವಿನಲ್ಲಿದೆ. ಮನೆಯಲ್ಲಿಡಲು ಧೈರ್ಯ ಬರಲಿಲ್ಲ. ಅಮ್ಮ ದಿನಕ್ಕೊಂದು ಸಲ "ಶ್ರೀರಾಮಂದು ಕಾಗ್ದ ಬಂತಾ?" ಎನ್ನುತ್ತಾರೆ. ಇಲ್ಲ ಎನ್ನುತ್ತಿದ್ದೇನೆ. ಹದಿನಾರು ದಿನದಿಂದ ನಾನೂ ನಿಮ್ಮ ಹಾಗೆಯೇ ಬದುಕುತ್ತಿದ್ದೇನೆ. ಎಷ್ಟು ಸುಲಭ ಎಂದು ಗೊತ್ತಾಯಿತು.

ನಿಮ್ಮ ಸಾಲನ್ನು ಮತ್ತೆ ನೋಡಿದೆ. ನೀವು ಹೇಳಿದ್ದು ಸರಿ. ಯಾರು ಎಂದು ಅದರಲ್ಲಿಲ್ಲ. ಕನ್ನಡದಲ್ಲಿ ಇಲ್ಲ ಎನ್ನುವಾಗ ನಾನು, ನೀನು, ಅವನು ಎಲ್ಲರಿಗೂ ಒಂದೇ ಪದ ಸಾಕು. ಖಾಲಿ ಜಾಗ ಬಿಟ್ಟವರು ನೀವು. ಅದರಲ್ಲಿ ಅಣ್ಣನ ಹೆಸರು ತುಂಬಿದವರು ನಾವು. ಅವತ್ತು ಸಂಜೆ ಗಟ್ಟಿಯಾಗಿ ಓದಿದವನು ನಾನು. ಓದುವಾಗ ನಾನೇ "ಪ್ರೇಮಣ್ಣ ಅಡ್ಡ ಇಟ್ಟಿರ್ಲಿಲ್ಲ" ಎಂದು ಓದಿದೆ. ಬರೆದದ್ದನ್ನು ಬಿಡಿಸಿ ಹೇಳುತ್ತಿದ್ದೇನೆ ಎಂದುಕೊಂಡೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿರುವುದು, ನನ್ನನ್ನು ನ್ಯಾಯಾಧೀಶ ಎಂದುಕೊಳ್ಳಬಾರದು ಎಂದು.

ಅತ್ತಿಗೆ ಎದ್ದು ನಿಂತು ಸುಳ್ಳು ಎಂದಾಗ ಅವರು ಹೇಳುತ್ತಿರುವುದು ನಿಜವೆಂದು ನನಗೆ ಗೊತ್ತಿತ್ತು. ಅಣ್ಣ ಸ್ಕೂಟರಿಗೆ ಕಲ್ಲು ಇಡುವುದನ್ನು ನಾನು ನೂರು ಸಲ ನೋಡಿದ್ದೆ, ನಕ್ಕಿದ್ದೆ. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಅದಕ್ಕೆ ಸ್ವಲ್ಪ ಮೊದಲು ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು "ಸರಿಯಾದೋನು ನೀನೊಬ್ಬ ಉಳ್ಕಂಡೆ" ಎಂದಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವರು ನನಗೆ ಅಂಥ ಮಾತು ಹೇಳಿದ್ದು ಅದೇ ಮೊದಲು. ಅಣ್ಣ ಇದ್ದಾಗ ಹೇಳುವ ಪ್ರಮೇಯವೇ ಇರಲಿಲ್ಲ. ಆ ಕೈ ಹೆಗಲ ಮೇಲಿಂದ ಎತ್ತಿಹೋಗುವುದು ನನಗೆ ಬೇಕಿರಲಿಲ್ಲ. ನಿಮಗೆ ಮೂರು ಮಕ್ಕಳಿದ್ದವು. ನನಗೆ ಅಷ್ಟು ಕಾರಣವೂ ಇರಲಿಲ್ಲ.

ಇದರಿಂದ ಯಾರಿಗೆ ಏನು ಬಂತು ಎಂದು ಕೇಳಿದ್ದೀರಿ. ಅಪ್ಪನಿಗೆ ಏನೂ ಇಲ್ಲ, ಅವರು ಮಗನ ಮೇಲೆ ನಾಚಿಕೆಪಟ್ಟುಕೊಂಡೇ ಸತ್ತರು. ಅಮ್ಮನಿಗೆ ಏನು ಬರುತ್ತದೋ ಹೋಗುತ್ತದೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅವರ ಪರವಾಗಿ ನಾವಿಬ್ಬರೂ ಇಷ್ಟು ವರ್ಷ ತೀರ್ಮಾನ ಮಾಡಿದ್ದೇವೆ, ಅಷ್ಟು ಸಾಕು. ಆದರೆ ಒಬ್ಬರು ಹನ್ನೊಂದು ವರ್ಷದ ಹಿಂದೆ ಎಲ್ಲರೆದುರಿಗೆ ನಿಜ ಹೇಳಿ ಮನೆ ಬಿಟ್ಟು ಹೋಗಿದ್ದಾರೆ. ಅವರು ಹೇಳಿದ್ದು ನಿಜವೆಂದು ಬರೆದಿರುವ ಕಾಗದ ನನ್ನ ಬೀರುವಿನಲ್ಲಿದೆ.

ನಾನು ಹೀಗೆ ಮಾಡಬೇಕೆಂದಿದ್ದೇನೆ. ಬರುವ ಭಾನುವಾರ ಹೊರಮಾವಿಗೆ ಹೋಗುತ್ತೇನೆ. ನಿಮ್ಮ ೧೯೮೮ರ ಪತ್ರ, ಈ ಜನವರಿಯ ಪತ್ರ ಎರಡನ್ನೂ ಅತ್ತಿಗೆಯ ಕೈಗೆ ಕೊಡುತ್ತೇನೆ. ಈ ಸಲ ನಾನು ಓದಿ ಹೇಳುವುದಿಲ್ಲ. ಅವರಿಗೆ ಓದಲು ಬರುತ್ತದೆ, ಶ್ವೇತಳಿಗೂ ಬರುತ್ತದೆ, ಅವಳಿಗೆ ಈಗ ಹದಿನೈದು. ಅವತ್ತು ಓದುವಾಗ ನಾನು ಸೇರಿಸಿದ ಹೆಸರನ್ನೂ ಹೇಳುತ್ತೇನೆ. ಅಮ್ಮನಿಗೆ ತಿಳಿಸಬೇಕೋ ಬೇಡವೋ, ತಿಳಿಸಿದರೆ ಯಾರು, ಯಾವಾಗ, ಅದನ್ನೆಲ್ಲ ಅತ್ತಿಗೆ ಹೇಳಲಿ. ಅವರು ತಿಳಿಸುವುದು ಬೇಡವೆಂದರೆ ನಿಮ್ಮ ಪತ್ರಗಳನ್ನು ಅಮ್ಮನಿಗೆ ಓದುವ ಕೆಲಸವನ್ನು ನಾನು ಬಿಡುತ್ತೇನೆ. ಬೇರೆ ಯಾರಾದರೂ ಓದಲಿ.

ನೀವು ಬರಬೇಡಿ. ಬರೆಯಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ.

ಅತ್ತಿಗೆಗೆ ಇನ್ನೂ ಸುದ್ದಿ ಕಳಿಸಿಲ್ಲ. ಇಷ್ಟು ವರ್ಷದಲ್ಲಿ ಆ ಮನೆಗೆ ಒಂದೇ ಸಲ ಹೋಗಿದ್ದೇನೆ, ಅಪ್ಪ ತೀರಿಕೊಂಡದ್ದನ್ನು ತಿಳಿಸಲು. ಬಾಗಿಲಲ್ಲೇ ನಿಂತು ಹೇಳಿ ಬಂದೆ. ಈ ಸಲ ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ಕೊಡುತ್ತೇನೆ. ಇವತ್ತು ಬುಧವಾರ. ಭಾನುವಾರಕ್ಕೆ ಇನ್ನು ನಾಲ್ಕು ದಿನ.

ಮುನೀಂದ್ರ